ಮಾತ್ರೆ ಗಂಡನೂ ನುಂಗಬೇಕೆ? ಓದುಗರ ಪ್ರಶ್ನೆ, ಸ್ತ್ರೀರೋಗ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: "ಹೊಸದಾಗಿ ಏನೋ ಕಂಡುಹಿಡಿದಿದ್ದಾರಂತೆ, ನನಗೂ ಆಗುತ್ತದೆಯೇ?" ಕೆಲವು ನಿಜಕ್ಕೂ ಆಗುತ್ತವೆ, ಕೆಲವು ಸುದ್ದಿಯಲ್ಲಿ ಮಿಂಚಿ ಹೋದವು. ಔಷಧದ ಪ್ರಮಾಣ ಬರೆದಿರುವುದು ನಿಮ್ಮ ವೈದ್ಯರ ಜೊತೆ ಮಾತಾಡಲು ಅನುಕೂಲವಾಗಲಿ ಎಂದು, ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಲು ಅಲ್ಲ.

ಪ್ರಶ್ನೆ: ಒಂದೂವರೆ ವರ್ಷದಿಂದ ತೆಳ್ಳಗಿನ, ಬೂದು ಬಣ್ಣದ ಸ್ರಾವ. ಮೀನಿನಂಥ ವಾಸನೆ. ಗಂಡನ ಜೊತೆ ಸೇರಿದ ಮೇಲೆ ವಾಸನೆ ಇನ್ನೂ ಜಾಸ್ತಿ. ಮೆಟ್ರೊನಿಡಜೋಲ್ ಕೋರ್ಸ್ ನಾಲ್ಕು ಸಲ ಮುಗಿಸಿದೆ, ಪ್ರತಿ ಸಲವೂ ಎರಡು ತಿಂಗಳೊಳಗೆ ಮತ್ತೆ ಶುರು. ನನ್ನಲ್ಲಿ ಸ್ವಚ್ಛತೆ ಸಾಲದು ಎಂದು ಮನೆಯವರ ಮಾತು. ಏನು ಮಾಡಲಿ?

ಉತ್ತರ: ಸ್ವಚ್ಛತೆ ಸಾಲದೆ ಬರುವ ಕಾಯಿಲೆ ಇದಲ್ಲ. ಸೋಪು ಹಾಕಿ ಒಳಗೆಲ್ಲ ತೊಳೆಯುವವರಿಗೇ ಇದು ಹೆಚ್ಚು ಕಾಡುತ್ತದೆ. ನೀವು ಬರೆದ ಲಕ್ಷಣಗಳು ಬ್ಯಾಕ್ಟೀರಿಯಲ್ ವಜೈನೋಸಿಸ್‌ನವು. ಯೋನಿಯಲ್ಲಿ ಸಾಮಾನ್ಯವಾಗಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸಿ ಬೇರೆಯವು ಬೆಳೆಯದಂತೆ ನೋಡಿಕೊಳ್ಳುತ್ತವೆ. ಅವು ಕಡಿಮೆಯಾದರೆ ಗಾರ್ಡ್ನೆರೆಲ್ಲಾದಂಥವು ಗುಂಪುಕಟ್ಟಿ ಗೋಡೆಗೆ ಪಾಚಿಯಂತೆ ಅಂಟಿಕೊಳ್ಳುತ್ತವೆ, ಆಮ್ಲತೆ ಇಳಿದು ಪಿಎಚ್ 4.5ನ್ನು ದಾಟುತ್ತದೆ. ವೀರ್ಯ ಕ್ಷಾರಗುಣದ್ದು, ಅದು ತಾಗಿದಾಗ ಈ ಬ್ಯಾಕ್ಟೀರಿಯಾಗಳು ಮಾಡಿದ ರಾಸಾಯನಿಕಗಳು ಗಾಳಿಗೆ ಬಿಡುಗಡೆಯಾಗಿ ವಾಸನೆ ಏಳುತ್ತದೆ. ಲ್ಯಾಬಿನಲ್ಲಿ ಸ್ರಾವದ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಮೂಸಿ ನೋಡುವುದೂ ಇದೇ ಲೆಕ್ಕದ ಮೇಲೆ.

ಮಾತ್ರೆಯಿಂದ ವಾಸಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ಯಾಕೆ ಎಂಬುದಕ್ಕೆ ಬಹುಕಾಲ ಸರಿಯಾದ ಉತ್ತರ ಇರಲಿಲ್ಲ. 2025ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಆ ಉತ್ತರವನ್ನು ಗಂಡಸಿನ ಚರ್ಮದ ಮೇಲೆ ಹುಡುಕಿತು. ಒಟ್ಟು 164 ಜೋಡಿಗಳು. ಹೆಂಗಸರಿಗೆಲ್ಲ ಮಾಮೂಲಿ ಚಿಕಿತ್ಸೆ. ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿಗೂ ಔಷಧ. 12 ವಾರದೊಳಗೆ ಕಾಯಿಲೆ ಮರುಕಳಿಸಿದ್ದು ಗಂಡಸಿಗೂ ಕೊಟ್ಟ ಗುಂಪಿನಲ್ಲಿ ಶೇ 35, ಕೊಡದ ಗುಂಪಿನಲ್ಲಿ ಶೇ 63. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಗಂಡಸಿಗೆ ಕೊಟ್ಟದ್ದು ಎರಡು: ಮೆಟ್ರೊನಿಡಜೋಲ್ 400 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡು ಸಲ, ಜೊತೆಗೆ ಶೇ 2ರ ಕ್ಲಿಂಡಾಮೈಸಿನ್ ಮುಲಾಮು ದಿನಕ್ಕೆ ಎರಡು ಸಲ. ಎರಡೂ 7 ದಿನ. ಮುಲಾಮನ್ನು ಶಿಶ್ನದ ತುದಿಗೆ, ಮುಂದೊಗಲು ಹಿಂದೆ ಸರಿಸಿ ಅದರ ಒಳಭಾಗಕ್ಕೆ, ಮತ್ತೆ ಮೇಲಿನ ಭಾಗಕ್ಕೆಲ್ಲ ಸವರಬೇಕು. ಹಿಂದಿನ ಅಧ್ಯಯನಗಳಲ್ಲಿ ಗಂಡಸರಿಗೆ ಬರೀ ಮಾತ್ರೆ ಕೊಟ್ಟು "ಪ್ರಯೋಜನವಿಲ್ಲ" ಎಂದು ಕೈಬಿಟ್ಟಿದ್ದರು. ಈ ಬ್ಯಾಕ್ಟೀರಿಯಾಗಳು ಮೂತ್ರನಾಳದಲ್ಲಷ್ಟೇ ಅಲ್ಲ, ಮುಂದೊಗಲಿನ ಅಡಿಯ ಚರ್ಮದಲ್ಲೂ ಇರುತ್ತವೆ. ಹಾಗಾಗಿ ಮುಲಾಮು ಬಿಟ್ಟು ಮಾತ್ರೆಯಷ್ಟೇ ನುಂಗಿದರೆ ಅರ್ಧ ಕೆಲಸವಾದಂತೆ.

ಎಡವುವುದು ಸಾಮಾನ್ಯವಾಗಿ ಇಲ್ಲಿ: ಹೆಂಡತಿಯ ಕೋರ್ಸ್ ಮುಗಿದ ಮೇಲೆ ಗಂಡ ಶುರು ಮಾಡುವುದು. ಇಬ್ಬರೂ ಒಂದೇ ವಾರದಲ್ಲಿ ಮುಗಿಸಬೇಕು, ಆ ವಾರ ಸೇರುವುದು ಬೇಡ. ಎರಡನೆಯದು, ಬಾಯಿಗೆ ಲೋಹದ ರುಚಿ, ವಾಕರಿಕೆ ಎಂದು ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸುವುದು. ಹೊಟ್ಟೆಗೆ ಏನಾದರೂ ಹಾಕಿಕೊಂಡು ನುಂಗಿದರೆ ತಡೆದುಕೊಳ್ಳಬಹುದು. ಮೂರನೆಯದು ಯಾರೂ ಹೇಳದ ಮಾತು. ಕ್ಲಿಂಡಾಮೈಸಿನ್ ಮುಲಾಮಿನಲ್ಲಿ ಎಣ್ಣೆಯಂಶವಿದೆ, ಅದು ಲೇಟೆಕ್ಸ್ ಕಾಂಡೋಮನ್ನು ದುರ್ಬಲ ಮಾಡುತ್ತದೆ. ಮುಲಾಮು ನಿಲ್ಲಿಸಿದ 5 ದಿನದವರೆಗೂ ಕಾಂಡೋಮನ್ನು ನಂಬಿ ಕೂರಬೇಡಿ.

ಇದಕ್ಕೆಲ್ಲ ಮೊದಲು ಕಾಯಿಲೆ ಇದೇ ಹೌದೇ ಎಂದು ಖಚಿತವಾಗಲಿ. ಪಿಎಚ್ ಪಟ್ಟಿ, ಸೂಕ್ಷ್ಮದರ್ಶಕದಡಿ ಒಂದು ಸ್ಲೈಡ್, ಇಷ್ಟು ಸಾಕು. ಅಂಚೆಲ್ಲ ಬ್ಯಾಕ್ಟೀರಿಯಾ ಮೆತ್ತಿ ಮಸುಕಾದ ಜೀವಕೋಶಗಳು ಕಾಣುತ್ತವೆ. ಒಡೆದ ಹಾಲಿನಂಥ ಗಟ್ಟಿ ಸ್ರಾವ, ತುರಿಕೆ ಇದ್ದರೆ ಅದು ಫಂಗಸ್, ಅದರ ಔಷಧವೇ ಬೇರೆ. ಅಧ್ಯಯನ ನಡೆದದ್ದು ಒಬ್ಬನೇ ಗಂಡು ಸಂಗಾತಿಯಿರುವ ಹೆಂಗಸರ ಮೇಲೆ ಎಂಬುದೂ ನೆನಪಿರಲಿ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಪದೇ ಪದೇ ಮರುಕಳಿಸುವವರಲ್ಲಿ ಸಂಗಾತಿಗೂ ಚಿಕಿತ್ಸೆ ಕೊಡುವುದನ್ನು ಪರಿಗಣಿಸಿ ಎಂದು ತನ್ನ ವೈದ್ಯರಿಗೆ ಹೇಳಿತು. ಮನೆಯವರಿಗೆ ಈ ಪುಟವನ್ನೇ ಓದಲು ಕೊಡಿ.

ಪ್ರಶ್ನೆ: ಮೊದಲ ಬಸಿರಿನಲ್ಲಿ ವಾಂತಿ ಎಷ್ಟಿತ್ತೆಂದರೆ ಮೂರು ಸಲ ಆಸ್ಪತ್ರೆ ಸೇರಿ, ಆರು ಕಿಲೋ ಇಳಿದೆ. "ಎಲ್ಲರಿಗೂ ಆಗುತ್ತೆ, ನಿಂದು ಅತಿ" ಎಂದವರೇ ಎಲ್ಲ. ಈಗ ಎರಡನೆಯದರ ಯೋಚನೆ. ಮತ್ತೆ ಹಾಗೇ ಆಗುತ್ತದೆಯೇ? ಇದಕ್ಕೆ ಕಾರಣ ಗೊತ್ತಾಗಿದೆಯಂತೆ, ಹೌದೇ?

ಉತ್ತರ: ಹೌದು, ಬಹುಮಟ್ಟಿಗೆ ಗೊತ್ತಾಗಿದೆ. ನಿಮ್ಮದು ಅತಿಯಾಗಿರಲಿಲ್ಲ ಎಂಬುದಕ್ಕೆ ರಕ್ತದಲ್ಲೇ ಸಾಕ್ಷಿ ಸಿಕ್ಕಿದೆ. 2023ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಜಿಡಿಎಫ್15 ಎಂಬ ಹಾರ್ಮೋನಿನತ್ತ ಬೆರಳು ತೋರಿಸಿತು. ಬಸಿರಿನಲ್ಲಿ ಇದು ಮುಖ್ಯವಾಗಿ ಬರುವುದು ಮಗು ಮತ್ತು ಮಾಸಿನ ಕಡೆಯಿಂದ. ತಾಯಿಯ ಮಿದುಳಿನ ಬುಡದಲ್ಲಿ ವಾಂತಿಯನ್ನು ನಿಯಂತ್ರಿಸುವ ಜಾಗಕ್ಕೆ ಹೋಗಿ ಕೂರುತ್ತದೆ. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಈ ಹಾರ್ಮೋನು ಕಡಿಮೆ ಇತ್ತೋ ಅವರಿಗೆ ವಾಂತಿ ಹೆಚ್ಚು. ಅಭ್ಯಾಸವಿಲ್ಲದ ಮಿದುಳಿಗೆ ಒಮ್ಮೆಲೆ ನೆರೆ ನುಗ್ಗಿದ ಹಾಗೆ. ಇದರ ಇನ್ನೊಂದು ಮಗ್ಗುಲು: ಥಲಸ್ಸೀಮಿಯಾ ಇರುವವರಲ್ಲಿ ಈ ಹಾರ್ಮೋನು ಮೊದಲಿನಿಂದಲೂ ಹೆಚ್ಚು, ಅವರಿಗೆ ಬಸಿರಿನ ವಾಂತಿ ಕಡಿಮೆ. ಒಂದೇ ವಿಷಯವನ್ನು ಎರಡು ದಿಕ್ಕಿನಿಂದ ನೋಡಿದರೂ ಲೆಕ್ಕ ತಾಳೆಯಾಯಿತು.

ಹಾಗಿದ್ದರೆ ಮುಂಚೆಯೇ ಈ ಹಾರ್ಮೋನನ್ನು ಏರಿಸಿ ಮೈಯನ್ನು ಒಗ್ಗಿಸಬಹುದಲ್ಲವೇ? ಇಲಿಗಳಲ್ಲಿ ಆಗಿದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದನ್ನು ಏರಿಸುವುದರಿಂದ ಹೆಂಗಸರಲ್ಲಿ ಪರೀಕ್ಷೆಗೆ ಇಳಿದಿದ್ದಾರೆ. ಫಲಿತಾಂಶ ಕೈಗೆ ಬರುವವರೆಗೆ ಅದನ್ನು ಈ ಕಾರಣಕ್ಕೆ ನುಂಗುವುದು ಆತುರ.

ಮತ್ತೆ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಅದಕ್ಕೆ ತಯಾರಾಗಿ. ಬಸಿರಿಗೆ ಒಂದು ತಿಂಗಳ ಮುಂಚಿನಿಂದಲೇ ವಿಟಮಿನ್ ಮಾತ್ರೆ ಶುರು ಮಾಡಿದವರಲ್ಲಿ ವಾಂತಿ ಕಡಿಮೆ ಎಂದು ಕಂಡುಬಂದಿದೆ. ಬಸಿರು ಖಚಿತವಾದ ದಿನವೇ ವೈದ್ಯರನ್ನು ಕಾಣಿ, ವಾಂತಿ ಶುರುವಾಗಲಿ ಎಂದು ಕಾಯಬೇಡಿ. ಮೊದಲು ಕೊಡುವುದು ಡಾಕ್ಸಿಲಮೈನ್ 10 ಮಿಲಿಗ್ರಾಂ ಮತ್ತು ಪಿರಿಡಾಕ್ಸಿನ್ 10 ಮಿಲಿಗ್ರಾಂ ಕೂಡಿದ ಮಾತ್ರೆ. ರಾತ್ರಿ ಎರಡು, ಸಾಲದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು. ಇದು ನಿಧಾನಕ್ಕೆ ಕರಗುವ ಮಾತ್ರೆ. ವಾಂತಿಯಾದ ಮೇಲೆ ನುಂಗಿದರೆ ತಕ್ಷಣ ಏನೂ ಆಗುವುದಿಲ್ಲ, ರಾತ್ರಿ ನುಂಗಿದ್ದು ಬೆಳಗಿನ ಹೊತ್ತಿಗೆ ಕೆಲಸ ಮಾಡುತ್ತದೆ. ಜನ "ಕೇಳಲಿಲ್ಲ" ಎನ್ನುವುದು ಹೆಚ್ಚಾಗಿ ಬೇಕಾದಾಗ ಮಾತ್ರ ನುಂಗಿದ್ದರಿಂದ. ನಿದ್ದೆ ಬರುತ್ತದೆ, ವಾಹನ ಓಡಿಸಬೇಡಿ. ಕಬ್ಬಿಣದ ಮಾತ್ರೆಯಿಂದ ವಾಕರಿಕೆ ಏರುತ್ತಿದ್ದರೆ ಮೊದಲ ಮೂರು ತಿಂಗಳು ಅದನ್ನು ಬಿಟ್ಟು ಫೋಲಿಕ್ ಆಮ್ಲ ಮಾತ್ರ ಮುಂದುವರಿಸಲು ವೈದ್ಯರನ್ನು ಕೇಳಿ.

24 ಗಂಟೆ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢವಾದರೆ, ಬಸಿರಿಗೆ ಮುಂಚಿನ ತೂಕದಲ್ಲಿ ಶೇ 5 ಇಳಿದರೆ ಆಸ್ಪತ್ರೆಗೆ ಹೋಗಿ. ಮೂತ್ರದಲ್ಲಿ ಕೀಟೋನ್ (ಊಟವಿಲ್ಲದಾಗ ಮೈಯ ಕೊಬ್ಬು ಕರಗಿ ಬರುವ ರಾಸಾಯನಿಕ) ಇಲ್ಲ ಎಂದು ಮನೆಗೆ ಕಳಿಸುವ ರೂಢಿ ಇನ್ನೂ ಹೋಗಿಲ್ಲ. ಕೀಟೋನಿನಿಂದ ತೀವ್ರತೆ ಅಳೆಯಬಾರದು ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ 2024ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಒಂದು ಮಾತು ಕೇಳಲೇಬೇಕು: "ಥಯಮಿನ್ ಕೊಟ್ಟಿರಾ?" ಎರಡು ಮೂರು ವಾರ ಸರಿಯಾಗಿ ಉಣ್ಣದವರಲ್ಲಿ ಈ ಬಿ1 ವಿಟಮಿನ್ ಖಾಲಿಯಾಗಿರುತ್ತದೆ. ಆ ಸ್ಥಿತಿಯಲ್ಲಿ ನೇರವಾಗಿ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಸುಟ್ಟುಹೋಗಿ ಮಿದುಳಿಗೆ ಹಾನಿಯಾಗಬಹುದು. ದೃಷ್ಟಿ ಎರಡಾಗುವುದು, ನಡಿಗೆ ಓಲಾಡುವುದು, ಗೊಂದಲದಿಂದ ಏನೇನೋ ಮಾತಾಡುವುದು ಅದರ ಗುರುತು. ಮೊದಲು ಥಯಮಿನ್, ಉಪ್ಪಿನ ಡ್ರಿಪ್ ಮತ್ತು ಅಗತ್ಯವಿದ್ದಷ್ಟು ಪೊಟ್ಯಾಸಿಯಂ. ಗ್ಲೂಕೋಸ್ ಬೇಕೇ ಬೇಕಾದರೆ ಆಮೇಲೆ.

ಪ್ರಶ್ನೆ: ಪಿಸಿಓಎಸ್‌ಗೆ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಮಲೇರಿಯಾ ಔಷಧ ರಾಮಬಾಣವಂತೆ. ವಯಸ್ಸು 24, ಮುಟ್ಟು ನಾಲ್ಕೈದು ತಿಂಗಳಿಗೊಮ್ಮೆ. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಚೀನಾದ ಅಧ್ಯಯನ ಅದು. ಆರ್ಟೆಮಿಸಿನಿನ್ ಜಾತಿಯ ಔಷಧ ಅಂಡಾಶಯದಲ್ಲಿ ಗಂಡು ಹಾರ್ಮೋನಿನ ತಯಾರಿಯನ್ನು ತಗ್ಗಿಸುತ್ತದೆ ಎಂಬ ಪ್ರಯೋಗಾಲಯದ ಕೆಲಸ ಬಹಳ ಚೆನ್ನಾಗಿದೆ. ಆದರೆ ಔಷಧ ಕೊಟ್ಟದ್ದು 19 ಹೆಂಗಸರಿಗೆ, 12 ವಾರ. ಅವರಲ್ಲಿ 12 ಮಂದಿಗೆ ಮುಟ್ಟು ಕ್ರಮಕ್ಕೆ ಬಂತು. ಔಷಧ ಕೊಡದೆ ಹೋಲಿಸಿ ನೋಡಿದ ಗುಂಪೇ ಇರಲಿಲ್ಲ. ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ ಎಂಬುದನ್ನು ಮೂರು ತಿಂಗಳು ಹೇಳಲಾರದು. ಮಲೇರಿಯಾ ರೋಗಾಣು ಈ ಔಷಧಕ್ಕೆ ಬಗ್ಗದಂತಾಗುವ ಭಯ ಬೇರೆ.

ನಿಮ್ಮ ಪತ್ರದಲ್ಲಿ ನಮಗೆ ಕಳವಳ ಕೊಟ್ಟದ್ದು ಆ ನಾಲ್ಕೈದು ತಿಂಗಳ ಅಂತರ. 90 ದಿನ ದಾಟಿ ಮುಟ್ಟಾಗದೆ ಹೋಗುತ್ತಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತ ಹೋಗುತ್ತದೆ. ಅದು ಕಳಚುವಂತೆ ಪ್ರೊಜೆಸ್ಟೋಜನ್ ಅಥವಾ ಗರ್ಭನಿರೋಧಕ ಮಾತ್ರೆ ಬೇಕಾಗುತ್ತದೆ. ಮಗು ಬೇಕೆನ್ನುವವರಿಗೆ ಲೆಟ್ರೊಜೋಲ್ ಇದೆ. 2014ರಲ್ಲಿ 750 ಹೆಂಗಸರ ಮೇಲಿನ ಅಧ್ಯಯನದಲ್ಲಿ ಅದರಿಂದ ಮಗು ಪಡೆದವರು ಶೇ 27.5, ಹಳೆಯ ಕ್ಲೋಮಿಫೀನ್‌ನಿಂದ ಶೇ 19.1. ಅಂದ ಹಾಗೆ, 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ವಯಸ್ಕರಲ್ಲಿ ರೋಗ ಪತ್ತೆಗೆ ಸ್ಕ್ಯಾನ್ ಬದಲು ಎಎಂಎಚ್ ಎಂಬ ಅಂಡಾಶಯದ ಹಾರ್ಮೋನಿನ ರಕ್ತಪರೀಕ್ಷೆಯೂ ನಡೆಯುತ್ತದೆ. ಹದಿಹರೆಯದವರಿಗೆ ಇವೆರಡೂ ಸಲ್ಲ, ಸುಮ್ಮನೆ ಹಣೆಪಟ್ಟಿ ಹಚ್ಚಿದಂತಾಗುತ್ತದೆ.

ಪ್ರಶ್ನೆ: ನನಗೆ 49. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಎರಡು ವರ್ಷದಿಂದ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದೇನೆ. ರಾತ್ರಿ ನಾಲ್ಕೈದು ಸಲ ಮೈ ಕಾದು, ಬೆವರು ಕಿತ್ತು ಎದ್ದು ಕೂರುತ್ತೇನೆ. ಹಾರ್ಮೋನು ನನಗೆ ಕೂಡದಂತೆ. ಹಾರ್ಮೋನಿಲ್ಲದ ಹೊಸ ಮಾತ್ರೆ ಬಂದಿದೆ ಎಂದು ಓದಿದೆ.

ಉತ್ತರ: ಬಂದಿದೆ, ಎರಡು. ಈಸ್ಟ್ರೋಜನ್ ಇಳಿದಾಗ ಮಿದುಳಿನ ಹೈಪೊಥಲಾಮಸ್‌ನಲ್ಲಿರುವ ಒಂದು ನರಗುಂಪು ಲಂಗುಲಗಾಮಿಲ್ಲದೆ ಚುರುಕಾಗುತ್ತದೆ. ಮೈಯ ಶಾಖ ಕೂದಲೆಳೆಯಷ್ಟು ಏರಿದರೂ ಅದು "ಬೆಂಕಿ" ಎಂದು ಕೂಗಿ ಬೆವರು ಹರಿಸುತ್ತದೆ. ಹೊಸ ಮಾತ್ರೆಗಳು ಆ ನರಗಳಿಗೆ ಬರುವ ಸಂದೇಶವನ್ನೇ ತಡೆಯುತ್ತವೆ. ಫೆಜೊಲಿನೆಟಂಟ್ 45 ಮಿಲಿಗ್ರಾಂ, ದಿನಕ್ಕೊಂದು, ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಪಡೆಯಿತು. ಎಲಿಂಜನೆಟಂಟ್ 120 ಮಿಲಿಗ್ರಾಂ, ಮಲಗುವ ಮುಂಚೆ, 2025ರ ಅಕ್ಟೋಬರಿನಲ್ಲಿ. ನಿಮಗೆ ಹತ್ತಿರದ್ದು ಎರಡನೆಯದು. ನಿಮ್ಮಂತೆಯೇ ಸ್ತನ ಕ್ಯಾನ್ಸರಿಗೆ ಹಾರ್ಮೋನು ತಡೆಯುವ ಚಿಕಿತ್ಸೆಯಲ್ಲಿರುವವರ ಮೇಲೆ ಅದನ್ನು ಪರೀಕ್ಷಿಸಿದ್ದಾರೆ. ನಾಲ್ಕನೇ ವಾರಕ್ಕೆ ಸುಳ್ಳುಮಾತ್ರೆ ನುಂಗಿದವರಿಗಿಂತ ಮೈ ಕಾಯುವುದು ದಿನಕ್ಕೆ ಸುಮಾರು ಮೂರೂವರೆ ಸಲದಷ್ಟು ಕಡಿಮೆಯಾಯಿತು, ನಿದ್ದೆಯೂ ಸುಧಾರಿಸಿತು. ಬೆಳಿಗ್ಗೆ ಮಂಪರು ಉಳಿಯಬಹುದು.

ಫೆಜೊಲಿನೆಟಂಟ್ ಕೊಡುವುದಾದರೆ ಯಕೃತ್ತಿನ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ: ಶುರು ಮಾಡುವ ಮುಂಚೆ ಒಮ್ಮೆ, ಆಮೇಲೆ 1, 2, 3, 6 ಮತ್ತು 9ನೇ ತಿಂಗಳಲ್ಲಿ. ಯಕೃತ್ತಿಗೆ ತೀವ್ರ ಪೆಟ್ಟಾದ ಪ್ರಕರಣ ಕಂಡ ಮೇಲೆ 2024ರ ಡಿಸೆಂಬರಿನಲ್ಲಿ ಅದರ ಪೆಟ್ಟಿಗೆಯ ಮೇಲೆ ಅತಿ ಗಂಭೀರ ಎಚ್ಚರಿಕೆ ಸೇರಿತು. ಕಣ್ಣು ಹಳದಿ, ಮೂತ್ರ ಕಂದು, ಮೈ ತುರಿಕೆ ಕಂಡರೆ ಅಂದೇ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಸಿಪ್ರೊಫ್ಲಾಕ್ಸಸಿನ್, ಫ್ಲೂವಾಕ್ಸಮೈನ್ ಇದರ ಜೊತೆಗೆ ಸಲ್ಲ. ಎರಡೂ ಹೊಸ ಮಾತ್ರೆಗಳು ಮೂಳೆ ಸವೆತಕ್ಕಾಗಲಿ ಯೋನಿಯ ಒಣಗುವಿಕೆಗಾಗಲಿ ಏನೂ ಮಾಡುವುದಿಲ್ಲ.

ಹೊಸದು ಸಿಗದಿದ್ದರೆ ಹಳೆಯ ಔಷಧಗಳಲ್ಲಿ ವೆನ್ಲಫಾಕ್ಸಿನ್, ಗ್ಯಾಬಪೆಂಟಿನ್ ಇವೆ. ಇಲ್ಲೊಂದು ಗುಂಡಿಯಿದೆ, ನೋಡಿ ಕಾಲಿಡಿ. ಇದೇ ತೊಂದರೆಗೆ ಬರೆಯುವ ಪ್ಯಾರಾಕ್ಸಿಟಿನ್ ನಿಮಗೆ ಬೇಡ, ಫ್ಲೂಆಕ್ಸೆಟಿನ್ ಕೂಡ. ಟ್ಯಾಮಾಕ್ಸಿಫೆನ್ ಮೈಯೊಳಗೆ ಇನ್ನೊಂದು ರೂಪಕ್ಕೆ ಬದಲಾದ ಮೇಲೆಯೇ ಪೂರ್ತಿ ಕೆಲಸ ಮಾಡುವುದು. ಆ ಬದಲಾವಣೆ ಮಾಡುವ ಕಿಣ್ವವನ್ನು ಇವು ಕಟ್ಟಿಹಾಕುತ್ತವೆ. ಬೆವರು ನಿಲ್ಲಿಸಲು ಹೋಗಿ ಕ್ಯಾನ್ಸರಿನ ಔಷಧವನ್ನೇ ಮೊಂಡು ಮಾಡಿದಂತಾಗುತ್ತದೆ.

(ಕ್ಯಾನ್ಸರ್ ಇಲ್ಲದೆ ಇದೇ ಪ್ರಶ್ನೆ ಕೇಳಿದ ಇತರರಿಗೆ: 60 ದಾಟದವರಿಗೆ, ಮುಟ್ಟು ನಿಂತು 10 ವರ್ಷವಾಗದವರಿಗೆ ಇವತ್ತಿಗೂ ಹಾರ್ಮೋನೇ ಹೆಚ್ಚು ಪರಿಣಾಮಕಾರಿ. 2002ರಲ್ಲಿ ಎಲ್ಲರನ್ನೂ ಹೆದರಿಸಿದ ಅಮೆರಿಕದ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅಲ್ಲಿ ಹೆಚ್ಚುವರಿಯಾಗಿ ಕಂಡ ಸ್ತನ ಕ್ಯಾನ್ಸರ್ 10,000 ಹೆಂಗಸರಿಗೆ ವರ್ಷಕ್ಕೆ 8. ಗರ್ಭಕೋಶ ಇರುವವರು ಈಸ್ಟ್ರೋಜನ್ನಿನ ಜೊತೆ ಪ್ರೊಜೆಸ್ಟೋಜನ್ ಬಿಡಬಾರದು.)

ಪ್ರಶ್ನೆ: ಗರ್ಭಕಂಠದ ಪರೀಕ್ಷೆಗೆ ಉಪಕರಣ ಹಾಕಿಸಿಕೊಳ್ಳಲು ಹೆದರಿಕೆ. ಮಾದರಿಯನ್ನು ನಾವೇ ತೆಗೆದು ಕೊಡಬಹುದಂತೆ. ನಂಬಬಹುದೇ?

ಉತ್ತರ: ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಡಿಎನ್ಎ ಪರೀಕ್ಷೆಗಾದರೆ ನಂಬಬಹುದು, ಅದೂ ಪಿಸಿಆರ್ ವಿಧಾನದ್ದಾಗಿದ್ದರೆ. ವೈದ್ಯರು ತೆಗೆದದ್ದಕ್ಕೂ ನೀವು ತೆಗೆದದ್ದಕ್ಕೂ ಫಲಿತಾಂಶದಲ್ಲಿ ಹೇಳುವಂಥ ಅಂತರವಿಲ್ಲ. ಪ್ಯಾಪ್ ಪರೀಕ್ಷೆಗೆ ಇದು ಆಗದು, ಅದಕ್ಕೆ ಗರ್ಭಕಂಠದ ಜೀವಕೋಶಗಳೇ ಬೇಕು. ಮಾದರಿ ಕಡ್ಡಿಯನ್ನು ಸುಮಾರು 5 ಸೆಂಟಿಮೀಟರ್, ಅಂದರೆ ಬೆರಳಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಒಳಗೆ ಬಿಟ್ಟು ಗೋಡೆಗೆ ತಾಗುವಂತೆ 10ರಿಂದ 30 ಸೆಕೆಂಡು ತಿರುಗಿಸಿ ತೆಗೆದರಾಯಿತು. ಗರ್ಭಕಂಠ ಮುಟ್ಟಲೇಬೇಕೆಂದಿಲ್ಲ. ಮುಟ್ಟಿನ ದಿನ ಬೇಡ.

ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ, ವೈರಸ್ ಇದೆ ಎಂದಷ್ಟೆ. 16 ಅಥವಾ 18ನೇ ಬಗೆಯಾಗಿದ್ದರೆ ನೇರವಾಗಿ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವುದು), ಬೇರೆ ಬಗೆಯಾದರೆ ಇನ್ನೊಂದು ಪರೀಕ್ಷೆ ನೋಡಿ ತೀರ್ಮಾನ. ಆಗ ಉಪಕರಣ ತಪ್ಪುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೇರಿದ ಮೇಲೆ ರಕ್ತ ಕಾಣುವವರು, ಮುಟ್ಟು ನಿಂತ ಮೇಲೆ ರಕ್ತ ಹೋಗುವವರು ಈ ಕಡ್ಡಿಯನ್ನು ನೆಚ್ಚಿಕೊಳ್ಳದೆ ವೈದ್ಯರಿಂದಲೇ ನೋಡಿಸಿಕೊಳ್ಳಬೇಕು.

ಪ್ರಶ್ನೆ: ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಹೆರಿಗೆ ನಂತರದ ರಕ್ತಸ್ರಾವಕ್ಕೆ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲ ಬಳಸಿ ಎನ್ನುತ್ತಿದ್ದಾರೆ. ಕಣ್ಣಳತೆಯಲ್ಲೇ ಗೊತ್ತಾಗುತ್ತದಲ್ಲ?

ಉತ್ತರ: ಗೊತ್ತಾಗುವುದಿಲ್ಲ, ಮೇಡಂ. 2023ರ ಇ-ಮೋಟಿವ್ ಅಧ್ಯಯನ ಇದನ್ನೇ ತೋರಿಸಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳು, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಕಣ್ಣಳತೆಯನ್ನು ನೆಚ್ಚಿದಲ್ಲಿ ಅತಿಸ್ರಾವ ಪತ್ತೆಯಾದದ್ದು ಶೇ 51, ಚೀಲ ಇಟ್ಟಲ್ಲಿ ಶೇ 93. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದದ್ದು ಅಥವಾ ಸಾವು, ಇವೆಲ್ಲ ಸೇರಿ ಶೇ 4.3ರಿಂದ ಶೇ 1.6ಕ್ಕೆ ಇಳಿಯಿತು. ಬಟ್ಟೆಗೆ, ಹಾಸಿಗೆಗೆ ಹೀರಿದ ರಕ್ತ ಕಣ್ಣಿಗೆ ಯಾವಾಗಲೂ ಕಡಿಮೆಯೇ ಕಾಣುತ್ತದೆ, ಅನುಭವಿಗಳಿಗೂ.

ಚೀಲವನ್ನು ಮಗು ಹುಟ್ಟಿದ ಕೂಡಲೇ ಸೊಂಟದಡಿ ಹಾಕಿ. ಮೊದಲೇ ಹಾಕಿದರೆ ಗರ್ಭಜಲವೂ ಸೇರಿ ಲೆಕ್ಕ ಕೆಡುತ್ತದೆ. ಮೊದಲ ಒಂದು ಗಂಟೆ, 15 ನಿಮಿಷಕ್ಕೊಮ್ಮೆ ಗೆರೆ, ನಾಡಿ, ಬಿಪಿ, ಗರ್ಭಕೋಶದ ಬಿಗಿ ನೋಡಿ. 500 ಮಿಲಿಲೀಟರ್ ತಲುಪಿದರೆ, ಅಥವಾ 300 ತಲುಪಿ ನಾಡಿಯೋ ಬಿಪಿಯೋ ಕೆಟ್ಟಿದ್ದರೆ ಕಾಯಬೇಡಿ. ಗರ್ಭಕೋಶ ಉಜ್ಜುವುದು, ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಹರಿದಿದೆಯೇ ಎಂದು ಪರೀಕ್ಷೆ, ಎಲ್ಲ ಒಟ್ಟಿಗೆ ನಡೆಯಬೇಕು. ಒಂದು ಕೊಟ್ಟು ಫಲ ನೋಡಿ ಇನ್ನೊಂದು ಎನ್ನುವ ಹಳೇ ಕ್ರಮದಲ್ಲೇ ಹೊತ್ತು ಹೋಗುತ್ತಿತ್ತು. ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ, ರಕ್ತನಾಳಕ್ಕೆ, 10 ನಿಮಿಷದಲ್ಲಿ ನಿಧಾನವಾಗಿ, ಹೆರಿಗೆಯಾದ 3 ಗಂಟೆಯೊಳಗೆ. ಪ್ರತಿ 15 ನಿಮಿಷ ತಡವಾದಂತೆ ಅದರ ಲಾಭದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಳೆಯುತ್ತದೆ. 30 ನಿಮಿಷದ ಮೇಲೂ ರಕ್ತ ನಿಲ್ಲದಿದ್ದರೆ ಇನ್ನೊಂದು ಗ್ರಾಂ.

ಆ ಆಂಪೂಲನ್ನು ಎಲ್ಲಿ ಇಡುತ್ತೀರಿ ಎಂಬುದನ್ನು ಇವತ್ತೇ ನೋಡಿ. ಬೆನ್ನಿಗೆ ಕೊಡುವ ಅರಿವಳಿಕೆ ಬ್ಯುಪಿವಕೇನ್ ಆಂಪೂಲಿನ ಹಾಗೇ ಕಾಣುವುದರಿಂದ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಪ್ರಾಣ ಹೋದದ್ದಿದೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅರಿವಳಿಕೆಯ ಟ್ರೇಯಿಂದ ದೂರ, ಬೇರೆ ಡಬ್ಬಿಯಲ್ಲಿ, ಹೆಸರು ಎದುರಿಗೆ ಕಾಣುವಂತೆ ಇಡಿ.